ಹಗಿ ಮುಚ್ಚು ಅಂದಿದ್ದಳು ಆಯಿ

ಮಾಳಮಡ್ಡಿ, ಧಾರವಾಡ
ಶುಕ್ರವಾರ, 18 ಜುಲೈ 2025

ಪ್ರೀತಿಯ ಅವ್ವಾ,

ನಿನ್ನ ಅಂಜುವಿನ ಶರಣು. ಮೊಣಕಾಲು ಹೇಗಿದೆ? ಮಾಮಾನ ಮನೆಯ ಹೊಸ್ತಿಲು ಎತ್ತರ. ದಾಟುವಾಗ ಬಾಗಿಲು ಹಿಡಿದುಕೋ, ಅದರಲ್ಲಿ ಅಭಿಮಾನ ಬೇಡ. ನೋವಿನ ಎಣ್ಣೆಯನ್ನು ನೀನು ದೇವರ ಜಗಲಿಯ ಮೇಲೇ ಬಿಟ್ಟು ಹೋಗಿದ್ದೀಯ. ನಾಳೆ ಉಳವಪ್ಪ ಮಾಮಾ ಗೊಬ್ಬರ ಒಯ್ಯಲು ಧಾರವಾಡಕ್ಕೆ ಬರುತ್ತಾನಂತೆ. ಅವನ ಕೈಯಲ್ಲಿ ಎಣ್ಣೆಯನ್ನೂ ನಿನ್ನ ಸ್ವೆಟರನ್ನೂ ಈ ಪತ್ರವನ್ನೂ ಕೊಟ್ಟು ಕಳಿಸುತ್ತೇನೆ. ಫೋನ್ ಮಾಡಿದಾಗಲೆಲ್ಲ ಮಾಮಾನೇ ಎತ್ತಿ "ನಿಮ್ಮವ್ವ ಹೊಲಕ್ಕ ಹೋಗ್ಯಾಳವಾ" ಅನ್ನುತ್ತಾನೆ. ಇಡೀ ದಿನ ಮಳೆ ಜಡಿಯುವಾಗಲೂ ನೀನು ಹೊಲದಲ್ಲೇ ಇರುತ್ತೀಯ. ಅವನ ಬೆನ್ನ ಹಿಂದೆ ನಿನ್ನ ಕೆಮ್ಮು ಮಾತ್ರ ನನಗೆ ಕೇಳಿಸುತ್ತಿರುತ್ತದೆ. ಕಾಗದಕ್ಕಾದರೆ ಸುಳ್ಳು ಹೇಳಿ ವಾಪಸು ಕಳಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಆರಾಮ ಇದ್ದಾನೆ. ರೊಟ್ಟಿ ತಟ್ಟಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡ. "ನಿಮ್ಮವ್ವ ಇಲ್ಲಂದ್ರ ಹಂಚೂ ನನ್ನ ಮಾತು ಕೇಳೂದಿಲ್ಲ" ಅಂತ ನನಗೆ ಹೇಳಿ ನಕ್ಕ. ಸಂಜೆ ನಿಮ್ಮೂರು ಅಮ್ಮಿನಬಾವಿಯ ಬಸ್ಸು ಬರುವ ಹೊತ್ತಿಗೆ ಛತ್ರಿ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾನೆ. ಕೇಳಿದರೆ ಮಳೆ ನೋಡುತ್ತಿದ್ದೇನೆ ಅನ್ನುತ್ತಾನೆ. ಓಣಿಯವರಿಗೆಲ್ಲ ನೀನು ಪಂಚಮಿಗೆ ತವರಿಗೆ ಹೊರಟಿದ್ದೇನೆ ಎಂದು ಹೇಳಿ ಹೋದೆಯಲ್ಲ, ಕಾಳವ್ವ ಅದನ್ನು ನಂಬಲಿಲ್ಲ. ನಳದ ಹತ್ತಿರ ಎಲ್ಲರ ಮುಂದೆ ಕೇಳಿದಳು: "ಏನವಾ ಗೀತಾಂಜಲಿ, ನಿಮ್ಮವ್ವಗ ಪಂಚಮಿ ಕಾರಹುಣ್ಣಿವಿಗಿಂತ ಮದ್ಲs ಬಂತೇನ?" ನಾನು ಎಲ್ಲರಿಗೂ ಎಲ್ಲದಕ್ಕೂ ಉತ್ತರ ಕೊಡುವವಳು. ಅಂದು ಮಾತ್ರ ಕೊಡ ತುಂಬಿಸಿಕೊಂಡು ಬಂದೆ.

ಈಗ ತೋಟದ ಸುದ್ದಿ ಹೇಳುತ್ತೇನೆ. ಸಿಟ್ಟಾಗಬೇಡ, ಪತ್ರ ಮಡಚಿ ಇಡಬೇಡ, ಪೂರ್ತಿ ಓದು. ನಮ್ಮ ಹಿತ್ತಲಿಗೆ ಹತ್ತಿದ ಆ ಖುಲ್ಲಾ ಜಾಗದಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಮಾಡಿದ ಮಡಿಗಳು ಬೇಸಿಗೆಯಲ್ಲಿ ಹೇಗೆ ಸುಟ್ಟುಹೋದವು ಎಂಬುದನ್ನು ನೀನೇ ನೋಡಿದ್ದೀಯ. ನಳದಲ್ಲಿ ವಾರಕ್ಕೊಮ್ಮೆ ನೀರು. ಕುಡಿಯಲು ಸಾಲದ ನೀರನ್ನು ಸೊಪ್ಪಿಗೆ ಹಾಕುತ್ತೀರಾ ಎಂದು ಗಂಡಸರು ಬೈದರು. ಏಪ್ರಿಲ್‌ನಲ್ಲಿ ನೀನೇ ಅಕ್ಕಿ ತೊಳೆದ ನೀರನ್ನು ಸೆರಗಿನಡಿ ಮರೆಮಾಡಿಕೊಂಡು ಹೋಗಿ ಪಕ್ಕದ ಮನೆಯ ಹಾಜರಾಬಿ ಮೌಶಿಯ ಪುದೀನಾಕ್ಕೆ ಸುರಿದು ಬಂದದ್ದನ್ನು ನಾನು ನೋಡಿದ್ದೇನೆ, ಹೇಳಿರಲಿಲ್ಲ. ಕೊನೆಗೆ ಪುದೀನಾ ಒಂದೇ ಉಳಿಯಿತು. ಮೆಂತೆ, ರಾಜಗಿರಿ, ಚವಳಿ ಎಲ್ಲ ಹೋದವು. ಅದೇ ಜೂನ್‌ನಲ್ಲಿ ಮಳೆ ಬಂದಾಗ ನಮ್ಮ ಚಾವಣಿಗಳ ನೀರು ಗಟಾರಕ್ಕೆ ಬಿದ್ದು, ಅಲ್ಲಿಂದ ನಾಲಾಕ್ಕೆ ಹರಿದು ಹೋಗುತ್ತದೆ. ನನ್ನ ಹೊಟ್ಟೆ ಉರಿಯುವುದು ಅಲ್ಲಿ. ಕೇಶ್ವಾಪುರದ ಪ್ರೆಸ್ಸಿನಲ್ಲಿ ಎಂಥೆಂಥ ಕರಪತ್ರಗಳ ಕರಡು ತಿದ್ದುತ್ತೇನೆ ಎಂಬುದು ನಿನಗೆ ಗೊತ್ತು. ತಿದ್ದುವಾಗ ಓದುತ್ತೇನೆ, ಓದಿದ್ದನ್ನು ನಂಬುತ್ತೇನೆ, ನಂಬಿದ್ದನ್ನು ಮಾಡದೆ ಇರಲು ನನ್ನಿಂದ ಆಗುವುದಿಲ್ಲ. "ನಿನ್ನ ಸಾಲಿ ಮುಗದದ್ದು ಪಿಯುಸಿಗೆ, ಮಾತು ಮಾತ್ರ ಹೈಕೋರ್ಟಿಂದು" ಎಂದು ಅಪ್ಪ ಚುಚ್ಚುತ್ತಾನೆ. ಚುಚ್ಚಲಿ. ಚಾವಣಿಗೆ ಒಡೆಯನಿರಬಹುದು, ಅದರ ಮೇಲೆ ಬಿದ್ದ ಮಳೆಗೆ ಇಲ್ಲ. ಆ ಮಳೆ ಇಡೀ ಓಣಿಯದು. ಇದನ್ನು ನಾನು ಯಾವ ನ್ಯಾಯಾಧೀಶನ ಮುಂದೆಯಾದರೂ ಹೇಳುತ್ತೇನೆ.

ಮಳೆ ಹಿಡಿಯುವುದು ಸುಲಭ, ಇಡುವುದು ಕಷ್ಟ. ಒಂದು ಜೋರು ಮಳೆಗೆ ಡ್ರಮ್ಮುಗಳು ತುಂಬಿ ಚೆಲ್ಲುತ್ತವೆ, ಸಿಮೆಂಟಿನ ಟಾಕಿ ಕಟ್ಟಿಸುವ ಶಕ್ತಿ ನಮ್ಮ ಓಣಿಗಿಲ್ಲ. ಆಗ ನನಗೆ ನಮ್ಮ ಹಿತ್ತಲ ಮೂಲೆಯ ನೆನಪಾಯಿತು. ಒಡೆದ ಹಂಚಿನ ರಾಶಿಯ ಕೆಳಗೆ ಏನೋ ಇದೆ ಎಂಬುದಷ್ಟೇ ನನಗೆ ಗೊತ್ತಿತ್ತು. ನಾನು ತಿಳಿದಾಗಿನಿಂದ ಮನೆಯಲ್ಲಿ ಅದರ ಹೆಸರನ್ನು ಯಾರೂ ಎತ್ತಿದ್ದಿಲ್ಲ. ಎತ್ತಲೇಬೇಕಾಗಿ ಬಂದರೆ "ಹಿತ್ತಲ ಮೂಲಿ" ಅನ್ನುತ್ತಿದ್ದಿರಿ. ಹಗೇವು ಎಂಬ ಶಬ್ದವನ್ನೂ ನಾನು ಒಂದು ಕರಪತ್ರದಿಂದಲೇ ಕಲಿತೆ: ಗಟ್ಟಿ ಮಡ್ಡಿ ನೆಲದಲ್ಲಿ ಕೊಡದ ಆಕಾರಕ್ಕೆ ತೋಡಿ, ಕಿರಿದಾದ ಬಾಯಿ ಬಿಟ್ಟು, ಒಳಗೆ ಹುಲ್ಲು ಹಾಸಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಕಾಳಿನ ವ್ಯಾಪಾರದ ಮನೆಗಳಿಗೆಲ್ಲ ಇರುತ್ತಿತ್ತಂತೆ. ಒಳಗೋಡೆಗೆ ಗಿಲಾವು ಬಳಿದು ನೀರು ಸೋರದ ತಾಡಪತ್ರಿ ಹಾಸಿದರೆ ಅದು ಟಾಕಿಯೇ. ಬಿಸಿಲು ತಾಗದು, ಸೊಳ್ಳೆ ಮೊಟ್ಟೆ ಇಡದು, ನೀರು ಆವಿಯಾಗದು. ನೆಲ ತೋಡುವ ಕೆಲಸವನ್ನು ಅಜ್ಜನೇ ಮುಗಿಸಿಟ್ಟು ಹೋಗಿದ್ದ. ಇಷ್ಟು ಯೋಚಿಸಿದವಳು, ಆ ಮೂಲೆಗೆ ಹೆಸರೇ ಇಲ್ಲದಂತೆ ನೀವೆಲ್ಲ ಯಾಕೆ ಬದುಕಿದಿರಿ ಎಂದು ಮಾತ್ರ ಯೋಚಿಸಲಿಲ್ಲ.

ನಮ್ಮ ಓಣಿಯ ರೋಹಿತನೂ ನಾನೂ ಹಂಚು ತೆಗೆದೆವು. ಕೆಳಗಿನ ಹಾಸುಗಲ್ಲು ಎರಡು ಹೋಳಾಗಿತ್ತು, ಕೈಯಿಂದಲೇ ಎತ್ತಿದೆವು. ಕರಪತ್ರದಲ್ಲಿ ಬರೆದಂತೆ ಬಾಯಿ ತೆರೆದು ದಿನಗಟ್ಟಲೆ ಬಿಟ್ಟೆವು. ರೋಹಿತ ತಾನು ಕೆಲಸ ಮಾಡುವ ಗ್ಯಾರೇಜಿನಿಂದ ಗಾಳಿ ಊದುವ ಯಂತ್ರ ತಂದ. ಆ ದಿನಗಳಲ್ಲಿ ನೀನು ಬಟ್ಟೆಗಳನ್ನು ಮುಂದಿನ ಅಂಗಳದಲ್ಲಿ ಒಣಹಾಕತೊಡಗಿದೆ, ಕರಿಬೇವು ಬೇಕಾದರೆ ಕಾಳವ್ವನ ಮನೆಯಿಂದ ತಂದೆ. ನಮ್ಮ ಕರಿಬೇವಿನ ಗಿಡ ಇರುವುದು ಹಿತ್ತಲಿನಲ್ಲಿ. ನಿನಗೆ ಧೂಳು ಆಗುವುದಿಲ್ಲವೆಂದು ನಾನು ತಿಳಿದೆ. ಕೊನೆಗೆ ಉದ್ದನೆಯ ಹಗ್ಗಕ್ಕೆ ದೀಪ ಕಟ್ಟಿ ತಳದವರೆಗೆ ಇಳಿಸಿ, ಬಹಳ ಹೊತ್ತು ಅಲ್ಲೇ ಬಿಟ್ಟು, ಅದು ಆರದಿದ್ದುದನ್ನು ನೋಡಿ ನಾನು ಏಣಿಯಲ್ಲಿ ಇಳಿದೆ. ನೀನು ಸಂತೆಯಿಂದ ಬಂದದ್ದು ಅದೇ ಹೊತ್ತಿಗೆ. ನಿನಗೆ ಕಂಡದ್ದು ನನ್ನ ತಲೆಯಷ್ಟೇ ಇರಬೇಕು, ಅದೂ ಕೆಳಗೆ ಹೋಗುತ್ತಿದ್ದದ್ದು. "ಮ್ಯಾಲ ಬಾ" ಅಂದೆ. ಅವ್ವಾ, ಅದು ನಿನ್ನ ದನಿ ಎಂದು ನನಗೆ ಗುರುತೇ ಸಿಗಲಿಲ್ಲ. ಮೇಲೆ ಬಂದಾಗ ಚೀಲದ ಬದನೆಕಾಯಿಗಳು ಅಂಗಳದ ತುಂಬ ಬಿದ್ದಿದ್ದವು. ನೀನು ಕೈಕಾಲು ತೊಳೆದುಕೊಂಡು, ತವರಿಗೆ ಹೊರಡಲು ಸೀರೆ ಮಡಚುತ್ತಿದ್ದೆ.

ನೀನು ಹೋದ ಮೇಲೆ ಅಪ್ಪ ಹೇಳಿದ. ಅವನು ಹೇಳಿದ್ದು ಸರಿಯೋ ತಪ್ಪೋ ನೀನೇ ನೋಡು. ನೀನು ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನ ತಮ್ಮ ಶಶಿಕಾಂತ ಕಾಕಾ ಹಗೇವಿನಿಂದ ಜೋಳ ತೆಗೆಯಲು ಹೊರಟ, ಒಳಗೆ ಕೆಟ್ಟ ಗಾಳಿ ಇದೆಯೋ ನೋಡಲು ಕಂದೀಲು ಇಳಿಸುವ ಕೆಲಸ ನಿನಗೆ ಬಂತು. ನೀನು ಇಳಿಸಿದೆ, ಅದು ಉರಿಯಿತು. ಹಗ್ಗ ಮುಗಿಯಿತು, ತಳ ಇನ್ನೂ ಒಂದು ಮೊಳ ಕೆಳಗಿತ್ತು. ಬೇರೆ ಹಗ್ಗ ತರುತ್ತೇನೆ ಎಂದೆಯಂತೆ. ಕಾಕಾ ನಕ್ಕು "ಸಾಕ ಬಿಡ್ರಿ ವೈನಿ, ದೀಪ ಹೆಂಗ ನಗಾಕತ್ತೈತಿ ನೋಡ್ರಿ" ಎಂದು ಇಳಿದೇಬಿಟ್ಟ. ಕೆಟ್ಟ ಗಾಳಿ ಭಾರ ಇರುತ್ತದೆ, ತಳದಲ್ಲಿ ಮಲಗಿರುತ್ತದೆ. ದೀಪ ತೂಗುತ್ತಿದ್ದ ಎತ್ತರಕ್ಕೆ ಅದು ಬಂದಿರಲಿಲ್ಲ. ಜೋಳ ತುಂಬಲು ಬಗ್ಗಿದವನು ಒಳಗಿನಿಂದ ಒಂದೇ ಸಲ "ವೈನೀ" ಅಂದನಂತೆ. ಅಷ್ಟೇ. ಹಿಂದೆಯೇ ಇಳಿಯಲು ಹೋದ ನಿನ್ನನ್ನು ಹಾಜರಾಬಿ ಮೌಶಿ ಗೋಡೆ ಹಾರಿ ಬಂದು ಸೊಂಟ ಹಿಡಿದು ಎಳೆದಳಂತೆ; ಇಲ್ಲದಿದ್ದರೆ ಇಂದು ಈ ಪತ್ರ ಬರೆಯಲು ನಾನೂ ಇರುತ್ತಿರಲಿಲ್ಲ. ನಿನ್ನ ಅತ್ತೆಯಾಗಿ ಆಯಿ ಆ ದಿನದ ಬಗ್ಗೆ ನಿನ್ನನ್ನು ಒಂದು ಮಾತೂ ಕೇಳಲಿಲ್ಲ, ಬೈಯಲಿಲ್ಲ, ಹೋದ ಮಗನ ಹೆಸರನ್ನು ನಿನ್ನೆದುರು ಎತ್ತಲಿಲ್ಲ. ನನ್ನನ್ನು ಹೆತ್ತಾಗ ನಿನ್ನ ಬಾಣಂತನವನ್ನೂ ಮಾಡಿದಳು. ಆ ಸುಮ್ಮನಿರುವಿಕೆಯೇ ನಿನಗೆ ದಿನಾ ಒಂದು ಏಟಾಗಿತ್ತು ಎಂದು ಅಪ್ಪ ಹೇಳುತ್ತಾನೆ.

ಆಮೇಲೆ ಆಯಿಯ ಕೊನೆಯ ಗಳಿಗೆ. ನಾನಾಗ ಅಂಬೆಗಾಲು ಬಿಟ್ಟು ಆಗತಾನೆ ನಡೆಯಲು ಕಲಿತ ಕೂಸು. ಆಯಿ ನಿನ್ನ ಮುಂಗೈ ಹಿಡಿದು "ಇನ್ನ ಹಗಿ ಮುಚ್ಚಿಬಿಡವಾ" ಅಂದಳಂತೆ. ಎರಡು ಸಲ ಅಂದಳಂತೆ. ಅಪ್ಪ ಅದನ್ನು ಕೇಳಿ ಸಮಾಧಾನಪಟ್ಟ: ಹಗೆ ಮುಚ್ಚು ಅಂದಳು, ಅಂದರೆ ಅವ್ವ ಎಲ್ಲ ಮಾಫ್ ಮಾಡಿ ಹೋದಳು. ನೀನು ಮಾತ್ರ ಅವನಿಗೆ ತಿರುಗಿ ಕೇಳಿದೆ: "ಮುಚ್ಚು ಅಂದ್ಳಂದ್ರ ಹಗಿ ಇತ್ತಂತಾತಲ್ಲರಿ?" ಈ ಒಂದು ಮಾತನ್ನು ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ಹೇಳುವಾಗ ತಾಟಿನ ಅನ್ನವನ್ನು ಬೆರಳಿನಿಂದ ಸುಮ್ಮನೆ ಕಲೆಸುತ್ತಿದ್ದ, ಉಣ್ಣಲಿಲ್ಲ. ನೀನು ಇಷ್ಟು ವರ್ಷ ಈ ಮನೆಯಲ್ಲಿ ವೈರಿಯ ಮನೆಯಲ್ಲಿದ್ದಂತೆ ಬದುಕಿದೆಯಾ, ಅವ್ವಾ? ಆಯಿಯ ಫೋಟೋಕ್ಕೆ ವಿಭೂತಿ ಹಚ್ಚುವಾಗ ನೀನು ಅದರ ಕಣ್ಣು ನೋಡುವುದಿಲ್ಲ ಎಂಬುದು ನನಗೆ ಈಗ ಹೊಳೆಯುತ್ತಿದೆ.

ನೋಡು, ನಾನು ನಿನ್ನೊಂದಿಗೆ ವಾದ ಮಾಡುತ್ತೇನೆ. ಆಯಿಗೆ ನಿನ್ನ ಮೇಲೆ ಹಗೆ ಇತ್ತು ಎಂದೇ ಇಟ್ಟುಕೋ. ಮಗ ಹೋದ ತಾಯಿಗೆ ಇರಬಹುದು. ಆದರೆ ಅದನ್ನು ಮುಚ್ಚು ಎಂದು ಬಾಯಿಬಿಟ್ಟು ಹೇಳಿದಳಲ್ಲ, ಎಷ್ಟು ಮಂದಿ ಹೇಳುತ್ತಾರೆ? ನೀವು ಮಾಡಿದ್ದೇನು? ಹಗೆಯನ್ನು ಹಾಗೆಯೇ ಬಿಟ್ಟು ಹಗೇವಿನ ಮೇಲೆ ಹಂಚು ಪೇರಿಸಿದಿರಿ. ನಾನು ಮಾಡಿದ್ದೇ ಆಯಿಯ ಮಾತಿಗೆ ಹತ್ತಿರದ್ದು. ಜೀವ ತೆಗೆದುಕೊಂಡ ಗುಂಡಿ ಜೀವ ಕೊಡಲಿ, ಓಣಿಯ ಮಕ್ಕಳೆಲ್ಲ ಅದರ ನೀರಿನ ಸೊಪ್ಪು ತಿನ್ನಲಿ, ಹಗೆ ತಾನಾಗಿ ಮುಚ್ಚುತ್ತದೆ. ಇದನ್ನು ನಾನು ಹೆಂಗಸರ ಸಭೆಯಲ್ಲೂ ಹೇಳಿದೆ, ಕೆಲವರು ಕಣ್ಣೊರೆಸಿಕೊಂಡರು. ಅಂಜು ಎಂದು ಹೆಸರಿಟ್ಟು ಕರೆದು ಕರೆದು ನನ್ನನ್ನು ಅಂಜಿಸಲು ನಿನ್ನಿಂದ ಆಗಲಿಲ್ಲವಲ್ಲ, ಈಗ ಯಾಕೆ ಪ್ರಯತ್ನ ಮಾಡುತ್ತೀಯ? ಮೂರು ಮನೆಗಳ ಚಾವಣಿಗೆ ಕೊಳವೆ ಹಚ್ಚಿದ್ದೇವೆ. ಮೊದಲ ಮಳೆಯ ಹೊಲಸು ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಉಸುಕು, ಇದ್ದಲಿ ತುಂಬಿದ ಡ್ರಮ್ಮಿನಲ್ಲಿ ಸೋಸಿ ಒಳಗೆ ಇಳಿಸುತ್ತೇವೆ. ಮೊನ್ನೆಯ ಮಳೆಗೆ ಅರ್ಧಕ್ಕಿಂತ ಹೆಚ್ಚು ತುಂಬಿದೆ. ಬಗ್ಗಿ ನೋಡಿದರೆ ಆಕಾಶದ ಒಂದು ಸಣ್ಣ ಬಿಲ್ಲೆ ಒಳಗೆ ಅಲುಗಾಡುತ್ತಿರುತ್ತದೆ.

ಒಂದು ಮಾತು ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ನೀರು ಇಳಿಯುವಾಗ ಹಗೇವು ದನಿ ಮಾಡುತ್ತದೆ. ಕಾರಣ ನನಗೆ ಗೊತ್ತಿದೆ: ನೀರು ಏರಿದಂತೆ ಒಳಗಿನ ಗಾಳಿ ಕಿರಿದಾದ ಬಾಯಿಂದ ನುಗ್ಗಿ ಬರುತ್ತದೆ, ಕೊಡದ ಬಾಯಿಗೆ ತುಟಿ ಇಟ್ಟು ಊದಿದ ಹಾಗೆ. ಕಾಳವ್ವ ಕೇಳಿ ಬೆಚ್ಚಿದಾಗ ನಾನೇ ಅವಳಿಗೆ ಇದನ್ನು ತಿಳಿಸಿ ಹೇಳಿ ನಗಿಸಿದೆ. ಮಳೆ ಜೋರಾದರೆ ದನಿ ಮೊದಲು ಕೆಳಗಿನಿಂದ ಎದ್ದು ಕೊನೆಯಲ್ಲಿ ಉದ್ದಕ್ಕೆ ಎಳೆಯುತ್ತದೆ. ಅಪ್ಪ ಹೇಳುವ ಮುನ್ನ ಅದು ಬರಿಯ ಗಾಳಿಯಾಗಿತ್ತು. ಅವನು ಹೇಳಿದ ಮೇಲೆ ನನಗೆ ಅದರಲ್ಲಿ "ವೈನೀ" ಎಂದು ಕೇಳಿಸುತ್ತದೆ. ಕಿವಿಯ ಭ್ರಮೆ ಎಂದು ಗೊತ್ತಿದ್ದೂ ಕೇಳಿಸುತ್ತದೆ. ಬುಧವಾರ ಮಧ್ಯಾಹ್ನ ಮಡಿಯಲ್ಲಿ ಕಳೆ ಕೀಳುತ್ತಿದ್ದವಳು, ನನಗೇ ತಿಳಿಯದೆ ನಿನ್ನ ದನಿಯಲ್ಲಿ "ಬಂದೆ" ಅಂದುಬಿಟ್ಟೆ. ಬಾಯಿ ಮುಚ್ಚಿಕೊಂಡು ಮನೆಯೊಳಗೆ ಓಡಿದೆ. ಇನ್ನೂ ಒಂದು. ಅಪ್ಪ ಹಿತ್ತಲ ಬಾಗಿಲ ಚಿಲಕ ಹಾಕುತ್ತಾನೆ, ನಾನು ತೆಗೆಯುತ್ತೇನೆ. ತೆಗೆದು ನೋಡಿದಾಗಲೆಲ್ಲ ಹಗೇವಿನ ಬಾಯಿಯ ಸುತ್ತ ನೆಲ ಸ್ವಲ್ಪ ಹಸಿಯಾಗಿ, ಸ್ವಲ್ಪ ಜರಿದಿರುತ್ತದೆ, ಯಾರೋ ಅಂಚು ಹಿಡಿದು ಹತ್ತಲು ನೋಡಿದ ಹಾಗೆ. ಮಳೆಗೆ ಗರಸು ಮಣ್ಣು ಸಡಿಲಾಗಿದೆ, ಅಷ್ಟೇ. ಗಟ್ಟಿ ಮಾಡಿಸಬೇಕು.

ನಿನಗೆ ಕಾಕಾನ ಭಯ, ನನಗೆ ಬೇಸಿಗೆಯ ಭಯ. ನಿನ್ನ ಭಯ ಆಗಿಹೋದದ್ದರದು, ನನ್ನದು ಬರುವುದರದು. ನನ್ನ ಭಯಕ್ಕೆ ಏನಾದರೂ ಮಾಡಲು ಬರುತ್ತದೆ. ಅದಕ್ಕೇ ಹಗೇವು ತೆರೆದೇ ಇರುತ್ತದೆ. ನೀನು ಬಾ. ಹಿತ್ತಲಿಗೆ ಬರಬೇಡ, ಬಟ್ಟೆಯನ್ನು ಮುಂದೆಯೇ ಒಣಗಿಸು, ಕರಿಬೇವು ನಾನು ತಂದುಕೊಡುತ್ತೇನೆ. ಆಯಿ ನಿನ್ನನ್ನು ಮಾಫ್ ಮಾಡಿ ಎಷ್ಟೋ ವರ್ಷವಾಯಿತು. ನೀನೂ ನಿನ್ನನ್ನು ಮಾಫ್ ಮಾಡಿಕೋ.

ಮಾಮಾನಿಗೂ ಅತ್ತೆಗೂ ನನ್ನ ಶರಣು ತಿಳಿಸು. ಚಿಕ್ಕವರ ತಲೆಗೆ ನನ್ನ ಪರವಾಗಿ ಒಂದೊಂದು ಹಗುರ ಏಟು ಕೊಡು. ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಬಸವಣ್ಣ ನಿನ್ನನ್ನು ಚೆನ್ನಾಗಿಡಲಿ, ಮತ್ತು ಸ್ವಲ್ಪ ಬುದ್ಧಿ ಬದಲಿಸಲಿ.

ನಿನ್ನ ಹಟಮಾರಿ ಮಗಳು,
ಗೀತಾಂಜಲಿ (ಅಂಜು)

ತಾಜಾಕಲಂ: ಅವ್ವಾ, ಮೇಲಿನದ್ದನ್ನೆಲ್ಲ ಬರೆದು ಸಹಿ ಮಾಡಿ ಕೂತಿದ್ದೆ. ಹಾಜರಾಬಿ ಮೌಶಿ ನಿನಗೆ ಕಳಿಸಲು ಒಣ ಪುದೀನಾದ ಪುಡಿ ತಂದಳು. "ಏನ ಬರದಿ, ಓದು" ಅಂದಳು. ಓದಿದೆ. ಆಯಿಯ ಮಾತಿಗೆ ಬಂದಾಗ ಅವಳು ನನ್ನ ಕೈಯಿಂದ ಕಾಗದ ಕಸಿದುಕೊಂಡಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಕಸಿದುಕೊಂಡಳು. "ಯಾ ಅಲ್ಲಾ! ಇದೇನ ಹುಚ್ಚಿ, ಯಾರ ವೈರತ್ವ? ಯಾವ ಹಗಿ ಅಂತ ತಿಳದೀರಿ ನೀವು? ಜ್ವಾಳದ ಹಗಿ! ನಿಮ್ಮಾಯಿ ಸತ್ಯವ್ವನ ತವರಾಗ ಹಗೇವಿಗೆ ಹಗಿ ಅಂತಾರ. ನಾವಿಬ್ಬರs ಇದ್ದಾಗ ಆಕಿ ಹಂಗs ಅಂತಿದ್ಳು. ನಿಮ್ಮಜ್ಜನ ಮುಂದ, ಸೊಸಿ ಮುಂದ ಅದರ ಹೆಸರs ತಗೀತಿದ್ದಿಲ್ಲ, ಸೊಸಿಗೆ ಸಂಕಟ ಆಗತೈತಿ ಅಂತ." ಅವಳು ನಿಲ್ಲಿಸಲಿಲ್ಲ. "ನೀ ಆಗ ಈಟಿದ್ದಿ. ಆ ಕಲ್ಲ ಮ್ಯಾಲ ಕುಂತು ಮಣ್ಣು ತಿಂತಿದ್ದಿ. ಕಲ್ಲು ಸೀಳಿತ್ತು. ನಿಮ್ಮಾಯಿ ಹಾಸಿಗಿ ಹಿಡದ ಮ್ಯಾಲ ಕಿಡಕ್ಯಾಗಿಂದ ಅದನ್ನs ನೋಡಕೋತ ಮಲಗಿರಾಕಿ. ನನಗ ಹೇಳಿದ್ಳು: ಹಾಜರಾ, ಕೂಸು ಅದರಾಗ ಬೀಳತೈತಿ. ಮಗ ಗುರುಶಿದ್ದಗ ಹೇಳಿದ್ರ ನಾಳೆ ನಾಳೆ ಅಂತಾನ. ಸೊಸಿಗೇ ಹೇಳತೇನಿ, ಆಕಿ ಹಿಡದ ಕೆಲಸ ಬಿಡೂದಿಲ್ಲ."

ಅವ್ವಾ, ಹಗೆ ಇರಲೇ ಇಲ್ಲ. ಆಯಿ ಹೇಳಿದ್ದು ಗುಂಡಿ ಮುಚ್ಚಲು. ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತದೆ ಎತ್ತದೆ, ಆಯಿ ಎತ್ತಿದಾಗ ನಿಮಗೆ ಯಾರಿಗೂ ಗುರುತು ಸಿಗಲಿಲ್ಲ. ಈ ಪುಟವನ್ನು ಹರಿದು ನಿನಗೆ ಮೊದಲಿನ ಪತ್ರವನ್ನಷ್ಟೇ ಕಳಿಸಬಹುದಿತ್ತು. ಅದನ್ನು ಕಳಿಸಿದರೆ ನನ್ನ ನೀರು ಉಳಿಯುತ್ತಿತ್ತು. ಇದನ್ನು ಕಳಿಸಿದರೆ ನೀನು ಉಳಿಯುತ್ತೀಯ. ಮೌಶಿ ಎದುರಿಗೇ ಕೂತು ನಾನು ಬರೆಯುವುದನ್ನು ಕಾಯುತ್ತಿದ್ದಾಳೆ, ಆದರೆ ಅವಳಿಗಾಗಿ ಬರೆಯುತ್ತಿಲ್ಲ.

ಸೋಮವಾರ ರೋಹಿತ ಮೋಟರು ತರುತ್ತಾನೆ. ಇದ್ದ ನೀರನ್ನು ಮಡಿಗಳಿಗೆ ಬಿಟ್ಟು ಹಗೇವನ್ನು ಗರಸಿನಿಂದ ತುಂಬಿಸುತ್ತೇವೆ. ಬೇಸಿಗೆಗೆ ಏನು ಮಾಡುವುದು ಎಂದು ನನಗೆ ಗೊತ್ತಿಲ್ಲ. ಅದಕ್ಕಾಗಿ ಓಣಿಯವರೊಂದಿಗೆ ಜಗಳವಾಡುವುದು ನನ್ನ ಕೆಲಸ. ಮುಚ್ಚುವುದು ನಿನ್ನದು, ಆಯಿ ಹೇಳಿದ್ದು ನಿನಗೆ. ಮೊದಲ ಬುಟ್ಟಿ ಗರಸು ನಿನ್ನ ಕೈಯಿಂದ ಬೀಳುವವರೆಗೆ ನಮ್ಮಲ್ಲಿ ಯಾರೂ ಸಲಿಕೆ ಮುಟ್ಟುವುದಿಲ್ಲ.